ನವಿಲಿನ ಕುತ್ತಿಗೆಯ ಹಸಿರು ಚೂರು

ಮೊಮ್ಮಗಳು ಹುಣಸೆಬೀಜದ ಪುಡಿ ಕುದಿಸಿ ಅಂಟು ಮಾಡುತ್ತಿದ್ದಳು. ಸಂಭಾಜಿನಗರದ ಚಿತ್ರಕಲಾ ಕಾಲೇಜಿನಲ್ಲಿದ್ದಾಳೆ. ಒಡೆದ ಕಪ್ಪು-ಬಸಿ, ಹರಿದ ಗೋಣಿ, ಗುಂಡಿ... ಎಲ್ಲ ಅಂಟಿಸಿ ಚಿತ್ರ ಮಾಡುತ್ತಾಳೆ, ಅದನ್ನು ಗೋಡೆಗೂ ಹಾಕುತ್ತಾರೆ! ಯಾರು ಸಿಕ್ಕರೂ ಅದನ್ನೇ ಹೇಳಿಕೊಂಡು ತಿರುಗುತ್ತೇನೆ ನಾನು. ಆದರೆ ಆ ಅಂಟಿನ ವಾಸನೆ ಮೂಗಿಗೆ ಬಂದದ್ದೇ ಪಂಚವಟಿಯ ಕಾಕು ನೆನಪಾದರು.

ಅರವತ್ತರ ದಶಕದ ಕೊನೆ ಇರಬೇಕು. ಹತ್ತಾರು ಸಂಸಾರಗಳ ಹಳೆಯ ವಾಡೆಯಲ್ಲಿ ಕಾಕು ನಮ್ಮ ಪಕ್ಕದ ಕೋಣೆಯವರು; ಚಿಕ್ಕಮ್ಮನಂತೆ ಎಲ್ಲರಿಗೂ ಕಾಕು. ಬೀದರ ಕಡೆಯ ವಿಧವೆ. ಗೋದಾವರಿ ದಂಡೆಯಲ್ಲಿ ಗಂಡ ಸತ್ತವರ ಬಳೆ ಒಡೆಯುತ್ತಿದ್ದರಲ್ಲ, ಆ ಚೂರುಗಳನ್ನು ಕಾಕು ಸೆರಗಿನಲ್ಲಿ ಆಯ್ದು ತಂದು, ಗೋಣಿತಟ್ಟಿನ ಮೇಲೆ ಇದೇ ಹುಣಸೆಬೀಜದ ಅಂಟಿನಿಂದ ಒಂದು ನವಿಲು ಕೂಡಿಸುತ್ತಿದ್ದರು. ನಾವು ಹೆಂಗಸರು ಆ ಕೋಣೆಯ ಹೊಸ್ತಿಲು ದಾಟಲು ಹೆದರುತ್ತಿದ್ದೆವು.

ನಾನಾಗ ಚೊಚ್ಚಲ ಬಸುರಿ. ಸೀಮಂತದ ಕುಬಸದಲ್ಲಿ ಇಟ್ಟ ಹಸಿರು ಬಳೆಯೊಂದು ನಲ್ಲಿಗೆ ತಾಗಿ ಒಡೆಯಿತು; ಚೂರನ್ನು ಅಲ್ಲೇ ಬಿಟ್ಟುಬಂದೆ. ಮರುದಿನ ಸಂಜೆ ಕಾಕು ಬಾಗಿಲಿಂದ ಕರೆದರು.

"ಬಾರ ತಂಗಿ, ನೋಡಿಲ್ಲಿ. ಕುತ್ತಗಿಗೆ ನಿನ್ನ ಬಳಿ ಹೆಂಗ ಒಪ್ಪೇತಿ!"

ಸತ್ತವರ ಹೆಂಡಂದಿರ ಗಾಜಿನ ನಡುವೆ ನನ್ನದು! ಓಝರ್‌ನ ವಿಮಾನ ಕಾರ್ಖಾನೆಯ ಬಸ್ಸು ಅಂದು ಇನ್ನೂ ಬಂದಿರಲಿಲ್ಲ; ನನ್ನ ಗಂಡ ಅದರಲ್ಲಿದ್ದರು. ಕತ್ತಲಾಗುತ್ತಿತ್ತು.

"ಕಾಕು, ಮೊದಲ ಅದನ್ನ ಕಿತ್ತು ಕೊಡ್ರಿ! ಅವರಿಗೇನರ ಆದ್ರ..."

"ಹುಚ್ಚಿ! ಇವೆಲ್ಲಾ ಮುತ್ತೈದ್ಯಾರು ನಗನಗತ ಇಟ್ಕೊಂಡ ಬಳಿ. ಒಡದ ದಿನಾನ ಯಾಕ ನೆನಸ್ತಿ?"

ನಾನು ಅಳತೊಡಗಿದೆ. ಕಾಕು ಚಾಕುವಿನಿಂದ ಚೂರು ಎಬ್ಬಿಸಿ ನನ್ನ ಅಂಗೈಯಲ್ಲಿಟ್ಟರು. "ಈ ಜಾಗ ಹಂಗ ಬಿಡ್ತೀನಿ. ಹೆದರಿಕಿ ಹೋದ ಮ್ಯಾಲ ತಂದು ಕೊಡು," ಎಂದರು.

ಬಸ್ಸು ಪಂಕ್ಚರ್ ಆಗಿತ್ತಂತೆ. ಗಂಡ ನಗುತ್ತ ಬಂದರು. ಆದರೂ ಹೆರಿಗೆ ಆಗುವ ತನಕ ಚೂರು ಕೊಡಲು ನನಗೆ ಧೈರ್ಯವಾಗಲಿಲ್ಲ. ತವರಿನಿಂದ ಕೂಸು ಎತ್ತಿಕೊಂಡು ಮರಳಿದಾಗ ಕಾಕು ತೀರಿಕೊಂಡಿದ್ದರು. ಅಪಶಕುನವೆಂದು ವಾಡೆಯವರು ನವಿಲನ್ನು ನದಿಗೆ ಹಾಕಿಬಿಟ್ಟಿದ್ದರು...

"ಹೆಂಗಿತ್ತು ಅಜ್ಜಿ ಆ ನವಿಲು? ಸಾಂಗ್ ನಾ, ಹೇಳು!" ಎಂದು ಮೊಮ್ಮಗಳು ಮರಾಠಿ ಬೆರೆಸಿ ಪೀಡಿಸುತ್ತಾಳೆ. ಗರಿ ಎಷ್ಟು ಉದ್ದವಿತ್ತು, ಮುಖ ಯಾವ ಕಡೆಗಿತ್ತು... ಏನು ಹೇಳಲಿ? ಆ ಸಂಜೆ ಹೆದರಿದ ನನ್ನ ಕಣ್ಣಿಗೆ ಬಿದ್ದದ್ದು ನನ್ನ ಚೂರೊಂದೇ.