ಅಡಿಪಟ್ಟಿಯವರು ಅಳಿಸಿದ ಸಮುದ್ರ

ನಕ್ಷೆ ಕಚೇರಿಯ ಮೂರನೇ ಮಹಡಿಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂರುವ ಅಡಿಪಟ್ಟಿಯವರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಚಲಾವಣೆಯಲ್ಲಿರಲಿಲ್ಲ. ಕಿಟಕಿಗೆ ಬೆನ್ನು ಹಾಕುವುದಕ್ಕೂ ಕಾರಣವಿತ್ತು. ಹೊರಗಿನ ಊರು ತಮ್ಮ ನಕ್ಷೆಯ ಜೊತೆ ಸರಿಯಾಗಿ ಹೊಂದುವುದಿಲ್ಲ ಎಂಬುದು ಅವರ ಬಹುಕಾಲದ ದೂರು. ತಪ್ಪು ಊರಿನದು ಎಂದು ಬೇರೆ ಹೇಳಬೇಕಾಗಿಲ್ಲ.

ಮೂವತ್ತೊಂದು ವರ್ಷ ಒಂದೇ ಮೇಜು, ಒಂದೇ ದೀಪ, ಒಂದೇ ನಿಯಮ. ಅಳೆಯದ್ದನ್ನು ಬರೆಯಬಾರದು. ಬೇರೆಯವರು ಕಚೇರಿಯಿಂದ ಮನೆಗೆ ಪೆನ್ಸಿಲ್ಲು, ಕಾಗದ ಕದ್ದು ತರುತ್ತಿದ್ದರು. ಅಡಿಪಟ್ಟಿಯವರು ಪ್ರಾಮಾಣಿಕರು, ನಿಯಮವನ್ನು ಮಾತ್ರ ತಂದರು. ಹೆಂಡತಿ ಯಾವುದೋ ಮದುವೆಗೆ ಹೋಗಿ ಬಂದು, "ತುಂಬಾ ಜನ ಸೇರಿದ್ರು" ಎಂದರೆ, "ತುಂಬಾ ಅಂದ್ರೆ ಎಷ್ಟು?" ಎಂದು ಕೇಳುವರು. ಮಗಳು ಚಿಕ್ಕವಳಿದ್ದಾಗ ಒಮ್ಮೆ ಮಂಚದ ಕೆಳಗೆ ಹುಲಿ ಇದೆ ಎಂದು ಅತ್ತಳು. ಲೋಕದ ಉಳಿದ ಅಪ್ಪಂದಿರು ಕೋಲು ತಗೊಂಡು ಹುಲಿ ಓಡಿಸುತ್ತಾರೆ. ಇವರು ಟಾರ್ಚು ತಂದು, ಮಂಡಿಯೂರಿ, ಟೇಪು ಹಿಡಿದು, "ಹದಿನಾಲ್ಕು ಇಂಚು. ಹುಲಿ ಹಿಡಿಸಲ್ಲ" ಎಂದು ವರದಿ ಒಪ್ಪಿಸಿದರು. ಆಮೇಲೆ ಆ ಮಗು ಅಪ್ಪನ ಹತ್ತಿರ ಹುಲಿಯ ಸುದ್ದಿ ಎತ್ತಲಿಲ್ಲ. ಈಗ ಮದುವೆಯಾಗಿ ದೂರದಲ್ಲಿದ್ದಾಳೆ. ವಾರಕ್ಕೊಮ್ಮೆ ಫೋನು ಮಾಡಿ ಅಪ್ಪನ ಜೊತೆ ಬಿಸಿಲು, ಚಳಿಯ ವಿಷಯ ಮಾತಾಡುತ್ತಾಳೆ.

ಇಂಥ ಅಡಿಪಟ್ಟಿಯವರನ್ನು 'ಲೋ' ಎಂದು ಕರೆಯುವ ಹಕ್ಕು ಭೂಮಿಯ ಮೇಲೆ ಒಬ್ಬರಿಗೇ ಇತ್ತು, ಅವರ ಅಕ್ಕನಿಗೆ. ಐದು ವರ್ಷ ದೊಡ್ಡವಳು. ಶಾಲೆ ಮಕ್ಕಳ ಯೂನಿಫಾರ್ಮು ಹೊಲಿದು ಜೀವನ ಸಾಗಿಸಿದವಳು. ನಾಲ್ಕು ವರ್ಷದ ಹಿಂದೆ ಸೂಜಿಗೆ ದಾರ ಪೋಣಿಸಲು ಕಷ್ಟವಾಯಿತು. ಆಮೇಲೆ ಸೂಜಿಯೇ ಕಾಣದಾಯಿತು. ಈಗ ಬೆಳಕು, ನೆರಳು ಅಷ್ಟೇ. ವರ್ಷ ಮುಗಿಯುವುದರೊಳಗೆ ಅದೂ ಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಹಾಲು ಒಡೆದುಹೋಯಿತು ಎನ್ನುವಷ್ಟೇ ಸಲೀಸಾಗಿ ಅಕ್ಕ ಅದನ್ನು ತಮ್ಮನಿಗೆ ತಿಳಿಸಿದಳು.

"ಒಂದ್ ಭಾನುವಾರ ನನ್ನನ್ನ ನಮ್ಮ ಹಳೇ ಗೇಟ್‌ಮನೆ ಹತ್ರ ಕರ್ಕೊಂಡು ಹೋಗೋ. ಈ ಬೆಳಕೂ ಹೋಗೋದ್ರೊಳಗೆ."

"ಅಲ್ಲಿ ನಿಂಗೇನು ಕಾಣುತ್ತೆ ಅಂತ ಹೋಗೋದು?" ಎಂದರು ಅಡಿಪಟ್ಟಿಯವರು. ನಯ, ನಾಜೂಕಿಗೆ ಅವರು ಹೆಸರುವಾಸಿಯಾಗಿರಲಿಲ್ಲ.

"ನಂಗೆ ಕಾಣಲ್ಲ, ನಿಂಗೆ ಕಾಣುತ್ತಲ್ಲ? ನೀನು ಹೇಳು, ನಾನು ನೋಡ್ತೀನಿ."

ಅವರಪ್ಪ ರೈಲ್ವೆ ಗೇಟು ಹಾಕಿ ತೆಗೆಯುವ ಕೆಲಸದಲ್ಲಿದ್ದರು. ಬಟಾಬಯಲಿನಲ್ಲಿ ಒಂದು ಗೇಟು, ಪಕ್ಕದಲ್ಲಿ ಒಂದೂವರೆ ಕೋಣೆಯ ಮನೆ. ಆಟಕ್ಕೆ ಬೇರೆ ಮಕ್ಕಳಿರಲಿಲ್ಲ. ಹಾಗಾಗಿ ಅಕ್ಕ ತಮ್ಮ ಇಬ್ಬರೂ ಸೇರಿ ಒಂದು ದೇಶವನ್ನೇ ಕಟ್ಟಿಕೊಂಡರು. ಹಳ್ಳ ಸಮುದ್ರವಾಯಿತು. ಆನೆಗಾತ್ರದ ಬಂಡೆ ಅರಮನೆ. ಹೊಟ್ಟೆ ಟೊಳ್ಳಾದ ಒಣಮರ ಜೈಲು. ಅಕ್ಕ ಮಹಾರಾಣಿ, ತಮ್ಮ ಮಂತ್ರಿ. ರೈಲಿನಲ್ಲಿ ಹೋಗುವವರೆಲ್ಲ ಪ್ರಜೆಗಳು. ಇವರು ಕೈ ಬೀಸಿದಾಗ ಪ್ರಜೆಗಳು ತಿರುಗಿ ಕೈ ಬೀಸಬೇಕು. ಬೀಸದವನಿಗೆ ಮರದ ಜೈಲು, ಮೇಲೆ ಮಹಾರಾಣಿ ಹೇಳಿದ ಶಿಕ್ಷೆ. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಇದ್ದಿಲಿನಲ್ಲಿ ಆ ದೇಶದ ನಕ್ಷೆ ಬರೆದದ್ದು ಮಂತ್ರಿಯೇ. ಅದರಲ್ಲಿ ಒಂದೇ ಒಂದು ಅಳತೆಯೂ ಸರಿ ಇರಲಿಲ್ಲ.

ಏಳನೇ ವಯಸ್ಸಿನಲ್ಲಿ ಮಂತ್ರಿಗೆ ಕಣ್ಣುಬೇನೆ ಬಂತು. ಹತ್ತು ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಚಾಪೆಯ ಮೇಲೆ ಬಿದ್ದುಕೊಂಡಿದ್ದ. ಅಕ್ಕ ಕಿಟಕಿಯಲ್ಲಿ ಕೂತು, ಹೋಗಿ ಬರುವ ಗಾಡಿಗಳನ್ನೆಲ್ಲ ಅವನಿಗೆ ಹೇಳುತ್ತಿದ್ದಳು. ಒಂದು ಗಾಡಿಯ ಕೊನೇ ಡಬ್ಬಿಯಲ್ಲಿ ಆನೆ ಇತ್ತು, ಬಾಲ ಬಾಗಿಲಿನಿಂದ ಆಚೆ ಬಿಟ್ಟಿತ್ತು. ಅಡಿಪಟ್ಟಿಯವರು ತಮ್ಮ ಜೀವನದಲ್ಲಿ ಅಳತೆ ಕೇಳದೆ ನಂಬಿದ ಪ್ರಾಣಿ ಅದೊಂದೇ.

ಭಾನುವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಅಕ್ಕನ ಚೀಲದಲ್ಲಿ ತಿಂಡಿಯ ಡಬ್ಬಿ, ನೀರಿನ ಬಾಟಲಿ. ತಮ್ಮನ ಚೀಲದಲ್ಲಿ ಆ ಭಾಗದ ನಕ್ಷೆ. ಇಪ್ಪತ್ತು ವರ್ಷದ ಹಿಂದೆ ಅದನ್ನು ಬರೆದವರು ಅವರೇ ಆದ್ದರಿಂದ ದಾರಿಯ ಬಗ್ಗೆ ಚಿಂತೆ ಇರಲಿಲ್ಲ. ಬಸ್ಸಿಳಿದ ಕಡೆ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು, "ಆ ಕಡೆಯಿಂದ ಹೋಗ್ಬೇಡಿ, ಸುತ್ತು ಹಾಕ್ಕೊಂಡು ಹೋಗಿ" ಎಂದು ಕೂಗಿದಳು. ಅಡಿಪಟ್ಟಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ. ತಲೆ ಮೇಲೆ ತಲೆ ಬಿದ್ದರೂ ಅವರು ನಕ್ಷೆ ಬಿಟ್ಟು ಬಾಯಿಮಾತು ನಂಬುವವರಲ್ಲ. ನೇರ ದಾರಿ, ಒಂದು ಕಿಲೋಮೀಟರು, ನಡುವೆ ಏನೂ ಇಲ್ಲ ಎಂದು ನಕ್ಷೆ ಹೇಳುತ್ತಿತ್ತು.

ನಡುವೆ ಹಳ್ಳ ಇತ್ತು. ಮೊಣಕಾಲು ಮುಳುಗುವಷ್ಟು ನೀರು.

ಅಡಿಪಟ್ಟಿಯವರು ನಕ್ಷೆ ನೋಡಿದರು. ಹಳ್ಳ ನೋಡಿದರು. ಮತ್ತೆ ನಕ್ಷೆ ನೋಡಿದರು. ಹಳ್ಳ ತಿದ್ದಿಕೊಳ್ಳುವ ಲಕ್ಷಣ ಕಾಣಲಿಲ್ಲ.

"ನೀರಿನ ಸದ್ದು!" ಎಂದು ಅಕ್ಕ ತಮ್ಮನ ತೋಳು ಹಿಡಿದಳು. "ನಮ್ಮ ಸಮುದ್ರ ಕಣೋ!"

"ಇದು ನಕ್ಷೆಯಲ್ಲಿ ಇಲ್ಲ."

"ಇಲ್ವಾ? ಯಾಕೆ?"

"ಬೇಸಿಗೆಯಲ್ಲಿ ಒಣಗೋ ಹಳ್ಳಕ್ಕೆ ಈ ಅಳತೆಯ ನಕ್ಷೆಯಲ್ಲಿ ಜಾಗ ಇಲ್ಲ. ನಿಯಮ. ಹಳೇ ನಕ್ಷೆಯಲ್ಲಿತ್ತು, ಹೊಸದರಲ್ಲಿ ತೆಗೆದ್ವಿ."

"ತೆಗೆದೋರು ಯಾರು?"

ಅಡಿಪಟ್ಟಿಯವರು ಗಂಟಲು ಸರಿಮಾಡಿಕೊಂಡರು. "ನಾನೇ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ದೇಶದ ಮಂತ್ರಿಯೇ ಸಮುದ್ರ ಒರೆಸಿ ಹಾಕಿಬಿಟ್ನಾ! ನಡಿ, ಒರೆಸಿದ ನೀರು ಎಷ್ಟು ಒದ್ದೆ ಮಾಡುತ್ತೆ ನೋಡೋಣ."

ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಅಕ್ಕನ ಕೈಹಿಡಿದು ನಡೆಸುತ್ತಾ ಅವರು ಹಳ್ಳಕ್ಕಿಳಿದರು. ನಟ್ಟನಡುವೆ ಪಾಚಿಗಲ್ಲಿನ ಮೇಲೆ ಕಾಲು ಜಾರಿ ತೊಪ್ಪನೆ ಕೂತರು. ಕಣ್ಣಿಲ್ಲದ ಅಕ್ಕ ಗಟ್ಟಿಯಾಗಿ ನಿಂತಿದ್ದು ಕಣ್ಣಿದ್ದ ತಮ್ಮನನ್ನು ರಟ್ಟೆ ಹಿಡಿದು ಎಬ್ಬಿಸಿದಳು. ನಕ್ಷೆ ನೀರಿನಲ್ಲಿ ತೇಲಿ ತನ್ನ ದಾರಿ ತಾನು ಹಿಡಿಯಿತು. ಇನ್ನು ಮುಂದೆ ಈ ಮನುಷ್ಯನನ್ನು 'ಅವರು, ಇವರು' ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಅಂಡು ಒದ್ದೆ ಮಾಡಿಕೊಂಡು ಅಕ್ಕನ ಹಿಂದೆ ನಿಂತವನಿಗೆ ಎಂಥ ಬಹುವಚನ?

ಹಳ್ಳ ದಾಟಿದರೆ ಹಳಿಯ ದಿಬ್ಬ. ಗೇಟು ಇರಲಿಲ್ಲ, ಹಳಿಯ ಕೆಳಗೆ ರಸ್ತೆ ಕೊರೆದಿದ್ದರು. ಮನೆಯ ಜಾಗದಲ್ಲಿ ಮುಳ್ಳುಗಿಡ ಬೆಳೆದಿತ್ತು. ಅಕ್ಕ ದಿಬ್ಬದ ಬುಡದಲ್ಲಿ ಹುಲ್ಲಿನ ಮೇಲೆ ಕೂತು ಸೀರೆ ಹಿಂಡಿಕೊಂಡಳು. ಮುಖವನ್ನು ಬಯಲಿಗೆ ತಿರುಗಿಸಿ, "ಈಗ ಹೇಳು" ಎಂದಳು. "ಅರಮನೆ ಹೇಗಿದೆ?"

"ಒಡೆದು ಜಲ್ಲಿ ಮಾಡಿದಾರೆ. ಉಳಿದಿರೋದು ಎರಡೂವರೆ ಅಡಿ."

"ಜೈಲು?"

"ಕಡಿದಿದಾರೆ. ಬುಡ ಇದೆ. ಸುತ್ತಳತೆ ಐದಡಿ ಇರಬಹುದು, ಟೇಪು ತಂದಿಲ್ಲ."

"ಮತ್ತೆ?"

"ಕರೆಂಟಿನ ಕಂಬ ನಾಲ್ಕು. ನಡುವೆ ನಲವತ್ತು ನಲವತ್ತು ಮೀಟರು. ಒಂದು ಸ್ವಲ್ಪ ವಾಲಿದೆ."

ಅಕ್ಕ ಇನ್ನೊಂದು ಪ್ರಶ್ನೆ ಕೇಳುತ್ತಾಳೆ ಎಂದು ಅವನು ಕಾದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾಕು ಬಿಡು. ವಾಪಸ್ ಬಸ್ಸು ಎಷ್ಟು ಹೊತ್ತಿಗೆ?" ಎಂದಳು. ಮಗಳು ಫೋನಿನಲ್ಲಿ ಬಿಸಿಲಿನ ಸುದ್ದಿ ಕೇಳುವ ದನಿಯೇ ಅದು.

ಅವನಿಗೆ ನಾಚಿಕೆಯಾಯಿತು. ಮೂವತ್ತೊಂದು ವರ್ಷದಲ್ಲಿ ಒಂದು ಗೆರೆಯೂ ತಪ್ಪದವನು, ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೂ ಅಕ್ಕ ಕೊನೆಯದಾಗಿ ಕೇಳಿದ್ದನ್ನು ಕೊಡದೆ ಕಂಬ ಎಣಿಸಿ ಕೊಟ್ಟಿದ್ದ. ಮುಂದಿನ ವರ್ಷ ಅವಳೆದುರು ಇರುವ ಕತ್ತಲಿಗೆ ವಾಲಿದ ಕಂಬವೊಂದನ್ನು ನೆಟ್ಟು ಬಂದಂತಾಯಿತು.

ಅಷ್ಟರಲ್ಲಿ ಹಳಿ ಗುನುಗತೊಡಗಿತು. ದೂರದಲ್ಲಿ ಗಾಡಿ ಕಾಣಿಸಿತು. ಕಬ್ಬಿಣದ ಡಬ್ಬಿಗಳ ಉದ್ದನೆಯ ಸಾಲು, ಕಿಟಕಿಯೊಂದೂ ಇಲ್ಲ. ಬರೀ ಕಲ್ಲಿದ್ದಲು. ಅಡಿಪಟ್ಟಿ ಎದ್ದು ನಿಂತ. ಒದ್ದೆ ಪ್ಯಾಂಟು ಕಾಲಿಗೆ ಅಂಟಿಕೊಂಡಿತ್ತು. ಯಾರಾದರೂ ನೋಡುತ್ತಾರೇನೋ ಎಂದು ಒಮ್ಮೆ ಹಿಂದೆ ಮುಂದೆ ನೋಡಿದ. ಆಮೇಲೆ ಎರಡೂ ಕೈ ಎತ್ತಿ ಕಲ್ಲಿದ್ದಲಿನತ್ತ ಬೀಸಿದ. ಕೊನೇ ಡಬ್ಬಿ ಹೋಗುವವರೆಗೂ ಬೀಸಿದ.

"ಏನ್ ಮಾಡ್ತಾ ಇದೀಯೋ?" ಎಂದಳು ಅಕ್ಕ.

"ಕೈ ಬೀಸ್ತಾ ಇದ್ದೆ." ಅವನ ದನಿ ನಡುಗಿತು. ಸುಳ್ಳು ಹೇಳುವ ಅಭ್ಯಾಸವಿಲ್ಲದ ಬಾಯಿ, ಪಾಪ. "ಗಾಡಿ ತುಂಬಾ ಜನ ಅಕ್ಕ. ಒಬ್ಬಳು ಮಗೂನ ಕೈ ಹಿಡ್ಕೊಂಡು ಬೀಸಿಸಿದ್ಳು. ಒಬ್ಬ ಮುದುಕ ಟೋಪಿ ತೆಗೆದು ಬೀಸಿದ, ಟೋಪಿ ಹಾರಿಹೋಯ್ತು. ಎಲ್ರೂ ಬೀಸಿದ್ರು. ಮತ್ತೆ..." ಅವನು ದೂರವಾಗುತ್ತಿದ್ದ ಗಾಡಿಯತ್ತ ನೋಡಿದ. "ಕೊನೇ ಡಬ್ಬಿಯಲ್ಲಿ ಆನೆ ಇತ್ತು."

"ಬಾಲ?"

"ಆಚೆ ಬಿಟ್ಟಿತ್ತು."

ಅಕ್ಕ ಗಾಡಿ ಹೋದ ಕಡೆಗೆ ಕಿವಿ ಕೊಟ್ಟಳು.

"ಗೇಟಿನವನ ಮಗಳು ಕಣೋ ನಾನು," ಎಂದಳು ಆಮೇಲೆ. "ಗೂಡ್ಸ್ ಗಾಡಿ ಅಂತ ಸದ್ದಲ್ಲೇ ಗೊತ್ತಾಗಲ್ವಾ?"

ಬೆಪ್ಪುತಕ್ಕಡಿ ಮಂತ್ರಿ ಎರಡೂ ಕೈ ಇಳಿಬಿಟ್ಟು ನಿಂತ. ಅದು ಅವನಿಗೆ ಹೊಳೆದೇ ಇರಲಿಲ್ಲ.

"ಅವತ್ತು ನೀನು ಕಣ್ಣು ಕಟ್ಕೊಂಡಿದ್ದಾಗ ಬಂದಿದ್ದೂ ಗೂಡ್ಸೇ," ಎಂದಳು ಅಕ್ಕ. "ನೀನೂ ಗೇಟಿನವನ ಮಗನೇ ಅಲ್ವಾ? ಸದ್ದು ಕೇಳಿಸಿದ್ರೂ ಆನೆಗೆ ಬೆಲ್ಲ ಕೊಟ್ರಾ ಅಂತ ನೀನೇ ಕೇಳಿದ್ದೆ."

ಅವನು ಅವಳ ಪಕ್ಕ ಹುಲ್ಲಿನ ಮೇಲೆ ಕೂತ. ಕಣ್ಣು ತುಂಬಿಬಂತು. ಕಾಣುವುದಿಲ್ಲವಲ್ಲ ಎಂದು ಒರೆಸಿಕೊಳ್ಳದೆ ಸುಮ್ಮನಿದ್ದ. ಮೂಗು ಎಳೆದ ಸದ್ದು ಮಾತ್ರ ಅವಳಿಗೆ ಕೇಳಿಸಿತು.

"ಸರಿ ಮಂತ್ರಿಗಳೇ," ಎಂದಳು ಅಕ್ಕ, ಬೆನ್ನು ನೆಟ್ಟಗೆ ಮಾಡಿ ಕೂತು. "ಎಲ್ರೂ ಬೀಸಿದ್ರಾ? ನಿಜ ಹೇಳಿ."

"ಒಬ್ಬ ಬೀಸಲಿಲ್ಲ, ಮಹಾರಾಣಿ."

"ಯಾರವನು?"

"ಯಾವುದೋ ನಕ್ಷೆ ಕಚೇರಿಯವನಂತೆ. ಕಿಟಕಿಗೆ ಬೆನ್ನು ಹಾಕ್ಕೊಂಡು ಕೂತಿದ್ದ."

"ಹಿಡಿದ್ರಾ?"

"ಹಿಡಿದು ಜೈಲಿಗೆ ಹಾಕಿದೀನಿ. ಶಿಕ್ಷೆ ಏನು, ಅಪ್ಪಣೆಯಾಗಲಿ."

ಮಹಾರಾಣಿ ಡಬ್ಬಿಯ ಮುಚ್ಚಳ ತೆಗೆದು ಒಂದು ತುತ್ತು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ಯೋಚಿಸಿದಳು.

"ನಾಳೆಯಿಂದ ಕುರ್ಚಿ ತಿರುಗಿಸಿ ಕೂರಬೇಕು," ಎಂದಳು. "ಸಾಯಂಕಾಲ ನನ್ನ ಮನೆಗೆ ಬಂದು, ಕಂಡಿದ್ದನ್ನೆಲ್ಲ ಹೇಳಬೇಕು. ಕಾಣದ್ದನ್ನೂ."