ಅಜ್ಜನ ಕೈ, ನನ್ನ ಬಾಯಿ

ಈಗಲೂ ಮದುವೆ ಮನೆಗಳಿಗೆ ಮಿಮಿಕ್ರಿ ಮಾಡಲು ಹೋದಾಗ ಹಿತ್ತಲಿನಿಂದ ಎಣ್ಣೆಹಿಟ್ಟು ಕರಿಯುವ ವಾಸನೆ ಬಂದರೆ, ನನ್ನ ಗಂಟಲಲ್ಲಿ ಸರದಿಗೆ ಕಾಯುತ್ತಿರುವ ದನಿಗಳೆಲ್ಲ ಒಮ್ಮೆಲೇ ಸುಮ್ಮನಾಗುತ್ತವೆ. ಮೈದಾ, ಸಕ್ಕರೆ, ಕಾದ ಎಣ್ಣೆ, ಅಷ್ಟೇ. ಆದರೆ ನನಗೆ ಕಾಣುವುದು ಊಟಿ ಹತ್ತಿರದ ಎಮರಾಲ್ಡ್ ಊರಿನ ಕಡೆಯ ನಮ್ಮ ಹಟ್ಟಿಯ ಸಾಲುಮನೆ. ಇದ್ದದ್ದು ಎರಡೇ ಕೋಣೆ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅವರು ಅಲ್ಲಿ ಸೀನಿದರೆ ನಮ್ಮವ್ವೆ ಇಲ್ಲಿಂದಲೇ ಕಷಾಯ ಮಾಡುವ ಬಗೆ ಹೇಳುತ್ತಿದ್ದಳು. ಅಕ್ಕ ನರ್ಸಿಂಗ್ ಪಾಸಾದಾಗ ಆ ಮನೆಯಲ್ಲಿ ಅಪ್ಪ ಪಾರ್ಟಿ ಇಟ್ಟುಕೊಂಡ. ಕರೆದದ್ದು ಮೂವತ್ತು ಜನರನ್ನು. ಹಟ್ಟಿಯಲ್ಲಿ ಕರೆಯದವರು ಅಂತ ಯಾರೂ ಇರುವುದಿಲ್ಲವಾದ್ದರಿಂದ ಬಂದದ್ದು ಅರವತ್ತು. ಮಂಚವನ್ನು ಟೀ ಗಿಡಗಳ ನಡುವೆ ಇಟ್ಟು ಬಂದೆವು. ಪಕ್ಕದವರು ಕೇಳುವ ಮೊದಲೇ ತಮ್ಮ ಒಲೆ ಬಿಟ್ಟುಕೊಟ್ಟರು. ಅನ್ನ ನಮ್ಮಲ್ಲಿ ಬೆಂದರೆ ಅವರೆಕಾಳಿನ ಉದಕ, ಅಂದರೆ ನಮ್ಮ ಸಾರು, ಅಲ್ಲಿ ಕುದಿಯಿತು; ಎಣ್ಣೆಹಿಟ್ಟು ಹಿತ್ತಲಲ್ಲಿ ಕರಿದದ್ದಾಯಿತು. ಅಪ್ಪನ ತಂಗಿ, ನಮ್ಮ ಅತ್ತೆ, ಬಾಗಿಲಲ್ಲೇ ನಿಂತು ಕೂಗಿದಳು: "ಅಣ್ಣಾ, ಕೂರಲಿಕ್ಕ ಜಾಗ ಇಲ್ಲೆ! ಇನ್ನ ಬಂದೋರ ಗೋಡೆಗ ನೇತುಹಾಕು!"

"ಮೊದಲು ನಿನ್ನ ನೇತುಹಾಕ್ತೆ ತಾಳು. ನಾಕು ಆಳಿನ ಜಾಗ ಸಿಕ್ಕೀತು," ಅಂದ ಅಪ್ಪ.

ಜನ ಒಳಗೆ ಬರಲಾಗದೆ ಬಾಗಿಲಲ್ಲೇ ಒತ್ತಿಕೊಂಡಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಬಡಗರಲ್ಲಿ ಮನೆಗೆ ಬಂದ ಕಿರಿಯರು ಹಿರಿಯರ ಮುಂದೆ ತಲೆ ಬಾಗಿಸುತ್ತಾರೆ, ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ; ಅದಾಗದೆ ಯಾರೂ ಒಳಗೆ ಬಂದು ಕೂರುವುದಿಲ್ಲ. ನಮ್ಮ ಹೆತ್ತಪ್ಪ, ಎಂದರೆ ಅಜ್ಜ, ಹರಸಲು ಶುರುಮಾಡಿದರೆ ಬಂದವರ ಟೀ ಆರುತ್ತಿತ್ತು. ಅಷ್ಟು ಉದ್ದ, ಅಷ್ಟು ಚೆಂದ. ಆದರೆ ಆ ವರ್ಷ ಲಕ್ವ ಹೊಡೆದು ಅವನ ಮಾತು ಹೋಗಿತ್ತು. ಕೈ ಉಳಿದಿತ್ತು, ನಾಲಿಗೆ ಉಳಿದಿರಲಿಲ್ಲ. ಅಂದಿನಿಂದ ಅವನು ಒಳಕೋಣೆ ಬಿಟ್ಟು ಬಂದವನಲ್ಲ. ಯಾರಾದರೂ ತಲೆ ಬಾಗಿಸಿದರೆ ನಾಚಿಕೊಂಡು ಗೋಡೆಯ ಕಡೆ ತಿರುಗಿಬಿಡುತ್ತಿದ್ದ. ಅಕ್ಕನದೋ ಒಂದೇ ಹಟ: "ಹೆತ್ತಪ್ಪ ಹರಸದೆ ನಾ ಕೊಯಮತ್ತೂರಿಗ ಕೆಲಸಕ್ಕ ಹೋಗೋದಿಲ್ಲೆ."

ಅಂತೂ ಅಪ್ಪ ಅಜ್ಜನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದು ಹೊರಕೋಣೆಯ ಕುರ್ಚಿಯಲ್ಲಿ ಕೂರಿಸಿ, ಬಿಳಿ ಶಾಲು ಹೊದಿಸಿದ. ನನಗಾಗ ಹತ್ತು ವರ್ಷ. ಹಟ್ಟಿಯಲ್ಲಿ ನಾನು ಅಣಕಿಸದ ಜೀವ ಇರಲಿಲ್ಲ, ಎಮ್ಮೆಗಳೂ ಸೇರಿ. ಕನ್ನಡಿಯ ಮುಂದೆ ನನ್ನನ್ನೇ ಅಣಕಿಸಿ, ಹೋಲಿಕೆ ಸಾಲದೆಂದು ಬೈದುಕೊಂಡದ್ದೂ ಉಂಟು. ನೆಲದಲ್ಲಿ ಜಾಗವಿಲ್ಲದೆ ಕುರ್ಚಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು ನಿಂತಿದ್ದೆ. ಅಕ್ಕ ತಲೆ ಬಾಗಿಸಿದಳು. ಅಜ್ಜ ಕೈಯಿಟ್ಟ. ತುಟಿ ಅಲುಗಿತು, ದನಿ ಬರಲಿಲ್ಲ. ಅರವತ್ತು ಜನ ತುಂಬಿದ್ದ ಮನೆಯಲ್ಲಿ ಗೋಡೆಯಾಚೆ ಉದಕ ಕುದಿಯುವುದು ಕೇಳಿಸಿತು. ಆ ಕೈ ಹಿಂದೆ ಸರಿಯತೊಡಗಿತು. ಮುಂದಾದದ್ದನ್ನು ನಾನು ಈಗ ಧೈರ್ಯ ಎಂದು ಹೇಳಿಕೊಳ್ಳಬಹುದು. ಆಗ ಅದು ಬರೀ ಚಟ. ಕುರ್ಚಿಯ ಹಿಂದಿನಿಂದ, ಅಜ್ಜನ ದನಿಯಲ್ಲೇ, ನನ್ನ ಬಾಯಿ ಹೊರಟಿತು.

"ಬಾ ಕೂಸು. ಬದುಕು, ಬಾಳು. ನೀ ಮುಟ್ಟಿದ ಮೈ ಹಗುರಾಗಲಿ, ನೀ ನಿಂತ ಮನೆ ಬೆಳಗಲಿ..."

ಅಜ್ಜನ ಕೈ ಮತ್ತೆ ಅಕ್ಕನ ತಲೆಯ ಮೇಲೆ ಇಳಿಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕಲಿತದ್ದನ್ನು ಅರ್ಧಕ್ಕೆ ಬಿಡುವುದು ಹೇಗೆ? ಅಜ್ಜ ನಡುವೆ ಕೆಮ್ಮುತ್ತಿದ್ದ ಕೆಮ್ಮು, ನಶ್ಯ ಎಳೆಯುವ ಸದ್ದು, ಹರಸುವಾಗಲೂ ಬಿಡದೆ ಗದರುತ್ತಿದ್ದ ಗದರಿಕೆ, ಎಲ್ಲವೂ ಬಂದವು: "ಏ, ಬಾಗಿಲಿಗ ಅಡ್ಡ ಯಾರದು? ಬೆಳಕು ಬಿಡು!"

ಬಾಗಿಲಲ್ಲಿದ್ದ ಅತ್ತೆ "ಅಯ್ಯೋ, ನಾನಪ್ಪ!" ಎಂದು ಹಾರಿ ಅಂಗಳಕ್ಕೆ ಬಿದ್ದಳು. ಯಾರೋ ಕಿಸಕ್ಕೆಂದರು. ಅಪ್ಪನ ಕೈ ನನ್ನ ಕಿವಿಯನ್ನು ಹುಡುಕಿಕೊಂಡು ಬಂತು. ಅಷ್ಟರಲ್ಲಿ ಬಿಳಿ ಶಾಲು ಕುಲುಕಿದ್ದು ಕಂಡಿತು. ಅವ್ವೆ ಗಾಬರಿಯಾಗಿ ಓಡಿಬಂದು ನೋಡಿದರೆ ಅಜ್ಜ ನಗುತ್ತಿದ್ದ, ಅರ್ಧ ಬಾಯಲ್ಲಿ, ಕಣ್ಣಲ್ಲಿ ನೀರು ಸುರಿಸಿಕೊಂಡು. ಆಮೇಲೆ ಕುರ್ಚಿಯ ಕೈಯನ್ನು ಎರಡು ಸಲ ತಟ್ಟಿ, ಮುಂದಿನವರು ಬರಲಿ ಎಂದು ಸನ್ನೆ ಮಾಡಿದ. ಎಲೆ ಹಾಕಿದ್ದರೂ ಯಾರೂ ಊಟಕ್ಕೆ ಕೂರಲಿಲ್ಲ. ಹರಸಿಸಿಕೊಳ್ಳಲು ನಿಂತವರ ಸಾಲು ಟೀ ತೋಟದ ಮಂಚದ ತನಕ ಬೆಳೆಯಿತು.

ಆ ಸಾಲುಮನೆ ಈಗಿಲ್ಲ. ಎಲ್ಲರಿಗೂ ಬೇರೆ ಬೇರೆ ಗೋಡೆಗಳಾಗಿವೆ, ಯಾರು ಸೀನಿದರೂ ಯಾರಿಗೂ ತಿಳಿಯುವುದಿಲ್ಲ. ಒಲೆ ಕೊಟ್ಟ ಆ ಪಕ್ಕದವರಿಗೆ, ಕಿವಿ ಹಿಂಡದೆ ಬಿಟ್ಟ ಅಪ್ಪನಿಗೆ, ಬಿದ್ದೂ ನಕ್ಕ ಅತ್ತೆಗೆ ನಾನು ಋಣಿ. ಮುಂದೆ ಮೂರು ವರ್ಷ ಮನೆಗೆ ಯಾರೇ ಬಂದರೂ ಅಜ್ಜನ ಕೈ, ನನ್ನ ಬಾಯಿ. ಆಮೇಲೆ ನಾನು ಊಟಿಯ ಹಾಸ್ಟೆಲಿಗೆ ಹೊರಟೆ. ಪೆಟ್ಟಿಗೆ ಕೆಳಗಿಟ್ಟು ತಲೆ ಬಾಗಿಸಿದೆ. ಅಜ್ಜ ಕೈಯಿಟ್ಟ. ಇಬ್ಬರೂ ಕಾದೆವು. ನನ್ನನ್ನು ನಾನೇ ಹರಸಿಕೊಳ್ಳುವಷ್ಟು ನಾಚಿಕೆಗೆಟ್ಟವನಾಗಿರಲಿಲ್ಲ, ಅದೊಂದರಲ್ಲಿ ಮಾತ್ರ. ಕೆಳಗೆ ರಸ್ತೆಯಲ್ಲಿ ಬಸ್ಸು ಎರಡು ಸಲ ಹಾರನ್ ಹೊಡೆಯಿತು. ಅಜ್ಜ ಕೈ ತೆಗೆಯಲಿಲ್ಲ.