ಸೀಡಿಯ ಮುಖ

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್ ತಂದಿದ್ದೆ. ಮರುದಿನ ನಾನು ಸ್ಕೂಟರ್ ತೊಳೆದು ಬರುವಷ್ಟರಲ್ಲಿ ಅಮ್ಮ ಅದನ್ನೂ, ಆಪರೇಟಿಂಗ್ ಸಿಸ್ಟಮ್ಮಿನ ಸೀಡಿಯನ್ನೂ ಈಳಿಗೆಮಣೆಯ ಪಕ್ಕದಲ್ಲಿಟ್ಟು ಪೂಜೆ ಮುಗಿಸಿಬಿಟ್ಟಿದ್ದಳು.

ಹಬ್ಬ ಕಳೆದ ಮೇಲೆ ಇನ್‌ಸ್ಟಾಲ್ ಮಾಡಲು ಕುಳಿತೆ. ಅರ್ಧಕ್ಕೆ ಬಂದು ನಿಂತುಹೋಯಿತು. ಕೇಬಲ್ ಬದಲಾಯಿಸಿದೆ, ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡಿದೆ. ನಾಲ್ಕನೇ ಸಲವೂ ಅದೇ ಜಾಗದಲ್ಲಿ ನಿಂತಾಗ ನನಗೆ ರೇಗಿತು. ನನ್ನ ಸಿಟ್ಟಿಗೆ ಅಷ್ಟೇ ಸಾಕು. ಡಿಸ್ಕನ್ನೂ ಸೀಡಿಯನ್ನೂ ಚೀಲಕ್ಕೆ ಹಾಕಿಕೊಂಡು ಚಾಮರಾಜಪುರಂನ ಅಂಗಡಿಗೆ ಹೋಗಿ, "ಎಂಥಾ ಮಾಲು ಕೊಟ್ಟಿದ್ದೀರಿ?" ಎಂದು ಕೂಗಾಡಿದೆ.

"ಡಿಸ್ಕ್ ಆಮೇಲೆ ನೋಡೋಣ, ಸೀಡಿ ಕೊಡಿ ಸ್ವಾಮಿ," ಎಂದ ಅಂಗಡಿಯವರು ಅದನ್ನು ತಿರುಗಿಸಿ ನನ್ನ ಮೂಗಿನ ಮುಂದೆ ಹಿಡಿದರು. ಹೊಳೆಯುವ ಕಡೆ ದುಂಡಗೆ ಅರಿಶಿನ, ಅದರ ಮೇಲೆ ಕುಂಕುಮ!

ಒರೆಸಿಕೊಂಡು ಬಂದು ಹಾಕಿದರೆ ಒಂದೇ ಸಲಕ್ಕೆ ಇನ್‌ಸ್ಟಾಲ್ ಆಯಿತು.

"ಕುಂಕುಮ ಇಡೋದಾದ್ರೆ ಅಕ್ಷರ ಇರೋ ಕಡೆ ಇಡಬಾರದಿತ್ತೇನಮ್ಮ?" ಎಂದೆ.

ಅಮ್ಮ ಸೀಡಿಯನ್ನು ಇಸಿದುಕೊಂಡು, ಹೊಳೆಯುವ ಕಡೆಯಲ್ಲಿ ತನ್ನ ಹಣೆ ನೋಡಿಕೊಂಡಳು.

"ಯಾರಾದ್ರೂ ಬೆನ್ನಿಗೆ ಕುಂಕುಮ ಇಡ್ತಾರೇನೋ?"